ದೀಪ ಹಿಡಿದ ದಾದಿಯ ಬಗ್ಗೆ ಫಾರ್ವರ್ಡ್‌ಗಳು ಹೇಳದ ಕಥೆ: ಫ್ಲಾರೆನ್ಸ್ ನೈಟಿಂಗೇಲ್‌ರಿಂದ ಹೃದಯದ ಐಸಿಯುವರೆಗೆ

ಮೇ 12 ಬಂತೆಂದರೆ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಚಿತ್ರ ಓಡಾಡಲು ಶುರುವಾಗುತ್ತದೆ. ಕತ್ತಲು ತುಂಬಿದ ವಾರ್ಡು, ಸಾಲು ಸಾಲು ಹಾಸಿಗೆ, ನಡುವೆ ದೀಪ ಹಿಡಿದು ನಿಂತ ಹೆಣ್ಣುಮಗಳು. ಕೆಳಗೆ ನಾಲ್ಕು ಸಾಲಿನ ಬರಹ. ಅದರ ಪ್ರಕಾರ ಫ್ಲಾರೆನ್ಸ್ ನೈಟಿಂಗೇಲ್ ಯುದ್ಧದ ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣವನ್ನು ಶೇ. 42ರಿಂದ ಶೇ. 2ಕ್ಕೆ ಇಳಿಸಿದರು, ಜಗತ್ತಿನ ಮೊದಲ ಐಸಿಯು ಶುರು ಮಾಡಿದರು, ಪ್ರೀತಿಯೇ ದೊಡ್ಡ ಮದ್ದು ಎಂದು ತೋರಿಸಿಕೊಟ್ಟರು.

ಇದರಲ್ಲಿ ಒಂದಿಷ್ಟು ನಿಜ ಇದೆ, ಒಂದಿಷ್ಟು ಇಲ್ಲ. ಇಷ್ಟು ಹಳೆಯ ಕಥೆಯಲ್ಲಿ ಸ್ವಲ್ಪ ತಪ್ಪಿದ್ದರೆ ಏನಾಯಿತು ಎನ್ನಬಹುದು. ಆದರೆ ಈ ಚಿತ್ರ ನಮ್ಮ ತಲೆಯಲ್ಲಿ ಒಂದು ತಪ್ಪು ಕಲ್ಪನೆ ಬಿತ್ತಿದೆ. ನರ್ಸ್ ಎಂದರೆ ಸಮಾಧಾನ ಹೇಳುವವರು, ವೈದ್ಯರು ಬರೆದ ಮಾತ್ರೆ ಕೊಡುವವರು, ಅಷ್ಟೇ ಎಂಬ ಕಲ್ಪನೆ. ಹೃದಯಾಘಾತವಾದ ಅಪ್ಪನನ್ನು ಐಸಿಯುಗೆ ಸೇರಿಸಿ ಹೊರಗಿನ ಬೆಂಚಿನ ಮೇಲೆ ಕೂತಾಗ ಇದೇ ಕಲ್ಪನೆ ಸಿಟ್ಟಾಗಿ ಹೊರಬರುತ್ತದೆ. ನಮ್ಮನ್ನು ಒಳಗೆ ಬಿಡುತ್ತಿಲ್ಲ, ನರ್ಸ್ ಸುಮ್ಮನೆ ಏನೋ ಬರೆಯುತ್ತಾ ನಿಂತಿದ್ದಾರೆ ಎಂದು ಜಗಳ ಆಗುತ್ತದೆ.

ನಿಜವಾದ ನೈಟಿಂಗೇಲ್ ಅವರ ಬದುಕು ತಿಳಿದರೆ ಆ ಬರೆಯುತ್ತಾ ನಿಂತ ನರ್ಸ್ ಏನು ಮಾಡುತ್ತಿದ್ದಾರೆ ಎಂಬುದು ಅರ್ಥವಾಗುತ್ತದೆ.

ಶ್ರೀಮಂತರ ಮಗಳು, ಗಣಿತದ ಹುಚ್ಚು

ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ಅಪ್ಪ ಅಮ್ಮ ಇಂಗ್ಲೆಂಡಿನ ಸಿರಿವಂತರು. ಬೇಸಿಗೆಗೆ ಒಂದು ದೊಡ್ಡ ಮನೆ, ಉಳಿದ ದಿನಗಳಿಗೆ ಇನ್ನೊಂದು. ಅಪ್ಪ ಇಬ್ಬರು ಹೆಣ್ಣುಮಕ್ಕಳಿಗೂ ತಾವೇ ಪಾಠ ಹೇಳಿದರು. ಗ್ರೀಕ್, ಲ್ಯಾಟಿನ್, ಇತಿಹಾಸ ಎಲ್ಲವೂ ಇತ್ತು. ಆದರೆ ಫ್ಲಾರೆನ್ಸ್‌ಗೆ ಹಿಡಿಸಿದ್ದು ಗಣಿತ. ಅಂಕಿಗಳನ್ನು ಪಟ್ಟಿ ಮಾಡಿ ಜೋಡಿಸುವುದು ಚಿಕ್ಕಂದಿನಿಂದಲೂ ಅವರಿಗೆ ಇಷ್ಟದ ಕೆಲಸ.

16ನೇ ವಯಸ್ಸಿನಲ್ಲಿ, 1837ರಲ್ಲಿ, ದೇವರು ತನ್ನನ್ನು ಸೇವೆಗೆ ಕರೆದ ಎಂದು ಅವರಿಗೆ ಅನ್ನಿಸಿತು. ರೋಗಿಗಳ ಆರೈಕೆಯೇ ತನ್ನ ಕೆಲಸ ಎಂದು ತೀರ್ಮಾನಿಸಿದರು. ಮನೆಯಲ್ಲಿ ರಂಪವಾಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥರ ಮನೆಯವರು ಆಸ್ಪತ್ರೆಗೆ ಹೋಗುತ್ತಲೇ ಇರಲಿಲ್ಲ, ವೈದ್ಯರೇ ಮನೆಗೆ ಬರುತ್ತಿದ್ದರು. ಆಸ್ಪತ್ರೆ ಬಡವರ ಜಾಗ. ಅಲ್ಲಿನ ದಾದಿಯರಿಗೆ ತರಬೇತಿ ಇರಲಿಲ್ಲ, ಒಳ್ಳೆಯ ಹೆಸರೂ ಇರಲಿಲ್ಲ. ಅಂಥ ಕೆಲಸಕ್ಕೆ ಮಗಳನ್ನು ಕಳಿಸಲು ಅಮ್ಮ ಮತ್ತು ಅಕ್ಕ ಸುತರಾಂ ಒಪ್ಪಲಿಲ್ಲ.

ಹದಿನಾಲ್ಕು ವರ್ಷ ಹೀಗೇ ಎಳೆದಾಡಿತು. ಮದುವೆಯ ಪ್ರಸ್ತಾಪಗಳನ್ನು ಅವರು ಬೇಡ ಎಂದರು. ಬೆಳಗ್ಗೆ ಬೇಗ ಎದ್ದು ಆಸ್ಪತ್ರೆಗಳ ವರದಿಗಳನ್ನು ತರಿಸಿಕೊಂಡು ಓದಿ ಟಿಪ್ಪಣಿ ಮಾಡಿಕೊಂಡರು. ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ಟ್ ಎಂಬ ಊರಿನ ಧಾರ್ಮಿಕ ಸೇವಾಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. 1853ರಲ್ಲಿ ಲಂಡನ್ನಿನ ಹಾರ್ಲಿ ಬೀದಿಯ ಒಂದು ಸಣ್ಣ ಆಸ್ಪತ್ರೆಯ ಮೇಲ್ವಿಚಾರಕಿಯಾದರು.

ಅಲ್ಲಿ ಅವರು ಮೊದಲು ಕೇಳಿದ್ದು ಪ್ರಾರ್ಥನಾ ಕೋಣೆಯನ್ನಲ್ಲ. ಎಲ್ಲ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು ಎಂದರು. ಊಟ ಮೇಲೆ ತರಲು ಲಿಫ್ಟ್ ಬೇಕು ಎಂದರು. ರೋಗಿ ಎಳೆದರೆ ದಾದಿಯ ಕೋಣೆಯ ಹೊರಗೆ ಬಾರಿಸುವ ಗಂಟೆ ಬೇಕು, ಯಾವ ರೋಗಿಯ ಗಂಟೆ ಬಾರಿಸಿತು ಎಂದು ತೋರಿಸುವ ಮುಚ್ಚಳವೂ ಅದಕ್ಕೆ ಇರಬೇಕು ಎಂದರು. ದಾದಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದರೆ ರೋಗಿಯನ್ನು ನೋಡುವವರು ಯಾರು ಎಂಬುದು ಅವರ ಲೆಕ್ಕ. ಇವತ್ತು ಐಸಿಯುನಲ್ಲಿ ಅಲಾರಂ ಹೊಡೆದ ತಕ್ಷಣ ಯಾವ ಬೆಡ್ ಎಂದು ಪರದೆ ತೋರಿಸುತ್ತದಲ್ಲ, ಅದರ ಹಿಂದಿರುವುದೂ ಇದೇ ಯೋಚನೆ.

ಶೇ. 42ರಿಂದ ಶೇ. 2: ಅಂಕಿ ಸರಿ, ಕಾರಣ ಬೇರೆ

1854ರಲ್ಲಿ ಬ್ರಿಟನ್, ಫ್ರಾನ್ಸ್, ತುರ್ಕಿ ಒಂದು ಕಡೆ, ರಷ್ಯಾ ಇನ್ನೊಂದು ಕಡೆ ನಿಂತು ಕ್ರಿಮಿಯಾ ಯುದ್ಧ ನಡೆಯಿತು. ಗಾಯಗೊಂಡ ಬ್ರಿಟಿಷ್ ಸೈನಿಕರನ್ನು ಹಡಗಿನಲ್ಲಿ ತಂದು ಇಸ್ತಾಂಬುಲ್ ಬಳಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹಾಕುತ್ತಿದ್ದರು. ಅಲ್ಲಿನ ದುಸ್ಥಿತಿಯನ್ನು ಲಂಡನ್ನಿನ ಟೈಮ್ಸ್ ಪತ್ರಿಕೆ ಬಯಲು ಮಾಡಿದಾಗ ದೇಶವೇ ಸಿಟ್ಟಿಗೆದ್ದಿತು. ಸರಕಾರ ನೈಟಿಂಗೇಲ್ ಅವರನ್ನು 38 ದಾದಿಯರೊಂದಿಗೆ ಕಳಿಸಿತು. ಅವರು ಅಲ್ಲಿಗೆ ತಲುಪಿದ್ದು 1854ರ ನವೆಂಬರ್ 4ರಂದು.

ಆಸ್ಪತ್ರೆಯ ಕಟ್ಟಡ ಭಾರಿ ದೊಡ್ಡದು. ಆದರೆ ಅದರ ಅಡಿಯಲ್ಲಿ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. ಹಾಸಿಗೆ ಬಟ್ಟೆ, ಸಾಬೂನು, ಪಾತ್ರೆ ಯಾವುದೂ ಸಾಲದು. ಹೇನು, ಇಲಿ, ಭೇದಿ, ಜ್ವರ. ನೈಟಿಂಗೇಲ್ ಅಡುಗೆಮನೆ ಸರಿಪಡಿಸಿದರು, ಬಟ್ಟೆ ಒಗೆಸುವ ವ್ಯವಸ್ಥೆ ಮಾಡಿದರು, ಸರಕು ತರಿಸಿದರು. ರಾತ್ರಿ ದೀಪ ಹಿಡಿದು ವಾರ್ಡು ಸುತ್ತಿದ್ದೂ ನಿಜ. ಆ ದೀಪ ಮಾತ್ರ ಚಿತ್ರಗಳಲ್ಲಿರುವ ಅಲ್ಲಾವುದ್ದೀನನ ದೀಪದಂಥದ್ದಲ್ಲ. ತುರ್ಕಿಯವರು ಬಳಸುತ್ತಿದ್ದ, ಮಡಚಿಡಬಹುದಾದ ಲಾಟೀನು.

ಆದರೂ ಅವರು ಬಂದ ಮೇಲಿನ ಮೊದಲ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. ಆ ಒಂದು ಚಳಿಗಾಲದಲ್ಲೇ ಸ್ಕುಟಾರಿಯಲ್ಲಿ 4,000ಕ್ಕೂ ಹೆಚ್ಚು ಸೈನಿಕರು ಸತ್ತರು. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ಶೇ. 42ರ ಆಸುಪಾಸಿನಲ್ಲಿತ್ತು. ಮಾರ್ಚ್‌ನಲ್ಲಿ ಬ್ರಿಟಿಷ್ ಸರಕಾರದ ನೈರ್ಮಲ್ಯ ಆಯೋಗ ಬಂತು. ಚರಂಡಿಗಳನ್ನು ತೊಳೆಸಿದರು, ನೀರಿನ ಕಾಲುವೆಯಲ್ಲಿ ಬಿದ್ದಿದ್ದ ಪ್ರಾಣಿಯ ಕಳೇಬರ ತೆಗೆಸಿದರು, ಗಾಳಿ ಆಡಲು ದಾರಿ ಮಾಡಿದರು, ಗೋಡೆಗೆ ಸುಣ್ಣ ಹೊಡೆಸಿದರು. ಜೂನ್ ಹೊತ್ತಿಗೆ ಸಾವು ಶೇ. 2ರ ಹತ್ತಿರಕ್ಕೆ ಇಳಿಯಿತು.

ಅಂದರೆ ಫಾರ್ವರ್ಡ್‌ನಲ್ಲಿರುವ ಅಂಕಿ ಸುಳ್ಳಲ್ಲ. ಅದನ್ನು ಇಳಿಸಿದ್ದು ಒಬ್ಬರ ಕರುಣೆ ಎಂಬುದು ಸರಿಯಲ್ಲ. ಕೊಳೆತ ಚರಂಡಿಯ ಮೇಲೆ ಎಷ್ಟು ಪ್ರೀತಿಯಿಂದ ಆರೈಕೆ ಮಾಡಿದರೂ ರೋಗಿ ಉಳಿಯುವುದಿಲ್ಲ.

ಈ ಪಾಠವನ್ನು ಎಲ್ಲರಿಗಿಂತ ಗಟ್ಟಿಯಾಗಿ ಹಿಡಿದವರು ನೈಟಿಂಗೇಲ್ ಅವರೇ. 1856ರಲ್ಲಿ ಮೆರವಣಿಗೆ, ಹಾರ ತುರಾಯಿ ಬೇಡವೆಂದು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಸದ್ದಿಲ್ಲದೆ ಮನೆಗೆ ಮರಳಿದರು. ವಿಲಿಯಂ ಫಾರ್ ಎಂಬ ಸಂಖ್ಯಾಶಾಸ್ತ್ರಜ್ಞರ ಜೊತೆ ಸೇರಿ ಸತ್ತವರ ಲೆಕ್ಕವನ್ನು ತಿಂಗಳು ತಿಂಗಳಿಗೆ ಬಿಡಿಸಿದರು. ಗುಂಡು, ಕತ್ತಿಯ ಗಾಯಕ್ಕಿಂತ ಎಷ್ಟೋ ಪಾಲು ಹೆಚ್ಚು ಜನರನ್ನು ಕೊಂದದ್ದು ತಡೆಯಬಹುದಾಗಿದ್ದ ರೋಗಗಳು ಎಂಬುದು ಕಣ್ಣಿಗೆ ಕಟ್ಟಿತು. ಮಂತ್ರಿಗಳು ಅಂಕಿಯ ಪಟ್ಟಿ ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅದಕ್ಕೆ ವೃತ್ತವನ್ನು ಹನ್ನೆರಡು ಎಸಳುಗಳಾಗಿ ಕತ್ತರಿಸಿದ ಬಣ್ಣದ ನಕ್ಷೆ ಮಾಡಿದರು. ಒಂದೊಂದು ಎಸಳು ಒಂದೊಂದು ತಿಂಗಳು, ಎಸಳು ದೊಡ್ಡದಾದಷ್ಟೂ ಸಾವು ಹೆಚ್ಚು. 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಅವರು ಆಯ್ಕೆಯಾದರು, ಅಲ್ಲಿಗೆ ಸೇರಿದ ಮೊದಲ ಮಹಿಳೆ ಅವರೇ.

ಸ್ವತಃ ಹೃದ್ರೋಗಿ ಎನಿಸಿಕೊಂಡವರು

ಫಾರ್ವರ್ಡ್‌ಗಳಲ್ಲಿ ಎಲ್ಲೂ ಬಾರದ ಭಾಗ ಇದು. 1855ರ ಮೇನಲ್ಲಿ, ಕ್ರಿಮಿಯಾದಲ್ಲಿದ್ದಾಗಲೇ, ನೈಟಿಂಗೇಲ್ ಅವರಿಗೆ ವಿಪರೀತ ಜ್ವರ ಬಂತು. ಸಾವಿನ ಹತ್ತಿರ ಹೋಗಿ ಬಂದರು. ಆ ಮೇಲೆ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 1857ರ ಆಗಸ್ಟ್‌ನಲ್ಲಿ ಕುಸಿದುಬಿದ್ದರು. ಎದೆ ಡವಡವ, ಉಸಿರು ಕಟ್ಟುವುದು, ತಲೆಸುತ್ತಿ ಬೀಳುವುದು, ಊಟ ಕಂಡರೆ ವಾಕರಿಕೆ. ಇವರು ಹೆಚ್ಚು ದಿನ ಬದುಕುವುದಿಲ್ಲ ಎಂದೇ ಸುತ್ತಲಿನವರು ತಿಳಿದರು. ಆಗ ಅವರಿಗೆ 37 ವರ್ಷ.

ಅವರು ಬದುಕಿದ್ದು ಇನ್ನೂ 53 ವರ್ಷ. ಅದರಲ್ಲಿ ಬಹಳ ಕಾಲ ಹಾಸಿಗೆಯ ಮೇಲೆ, ಇಲ್ಲವೇ ಒಂದೇ ಕೋಣೆಯೊಳಗೆ ಕಳೆಯಿತು. ಹಸು, ಮೇಕೆಗಳ ಹಸಿ ಹಾಲಿನಿಂದ ಹರಡುವ ಬ್ರೂಸೆಲ್ಲೋಸಿಸ್ ಎಂಬ ಸೋಂಕು ದೀರ್ಘಕಾಲ ಅವರನ್ನು ಕಾಡಿರಬಹುದು ಎಂಬ ವಾದವನ್ನು 1995ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದು ಪ್ರಕಟಿಸಿತು. ಎದೆ ಡವಡವ ಎಂದರೆಲ್ಲ ಹೃದಯದ ಕಾಯಿಲೆಯೇ ಆಗಬೇಕಿಲ್ಲ ಎಂಬುದಕ್ಕೆ ಇದೂ ಒಂದು ಉದಾಹರಣೆ. ಆದರೆ ಯಾವುದು ಹೌದು, ಯಾವುದು ಅಲ್ಲ ಎಂದು ಮನೆಯಲ್ಲೇ ತೀರ್ಮಾನಿಸುವುದು ಬೇಡ. ಇಸಿಜಿ ಇಲ್ಲದ ಆ ಕಾಲದಲ್ಲಿ ವೈದ್ಯರಿಗೇ ಅದು ಕಷ್ಟವಾಗಿತ್ತು.

ಈ ಹಾಸಿಗೆಯ ಮೇಲೆ ಕೂತೇ ಅವರು ಆಸ್ಪತ್ರೆಗಳ ಬಗ್ಗೆ ಒಂದು ಪುಸ್ತಕ, ಆರೈಕೆಯ ಬಗ್ಗೆ ಇನ್ನೊಂದು ಪುಸ್ತಕ ಬರೆದರು. ಎರಡನೆಯದು 1860ರ ಹೊತ್ತಿಗೆ ಮನೆಮನೆಗೆ ಮುಟ್ಟಿತ್ತು. ಅದನ್ನು ಬರೆದದ್ದು ನರ್ಸ್ ಆಗಬೇಕೆಂದವರಿಗಲ್ಲ. ಮನೆಯಲ್ಲಿ ಅಮ್ಮನನ್ನೋ ಮಗುವನ್ನೋ ನೋಡಿಕೊಳ್ಳುವ ಸಾಮಾನ್ಯ ಹೆಂಗಸರಿಗೆ. ಆರೈಕೆ ಮಾಡಿದ ಅನುಭವದ ಜೊತೆಗೆ ರೋಗಿಯಾಗಿ ಮಲಗಿದ ಅನುಭವವೂ ಅದರಲ್ಲಿ ಸೇರಿಕೊಂಡಿತು.

ಆ ಪುಸ್ತಕದಲ್ಲಿದ್ದದ್ದು, ಇಂದು ಹೃದಯದ ಐಸಿಯುನಲ್ಲಿ ಕಾಣುವುದು

ಆ ಪುಸ್ತಕದ ಕೆಲವು ನಂಬಿಕೆಗಳು ಹಳತಾಗಿವೆ. ರೋಗಾಣುಗಳ ವಿಚಾರ ಆಗಿನ್ನೂ ಸ್ಪಷ್ಟವಾಗಿರಲಿಲ್ಲ, ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಎಂದು ನೈಟಿಂಗೇಲ್ ಅವರೂ ನಂಬಿದ್ದರು. ಆದರೆ ರೋಗಿಯ ಹಾಸಿಗೆಯ ಪಕ್ಕ ಹೇಗಿರಬೇಕು ಎಂಬ ಅವರ ಮಾತುಗಳು ಹೆಚ್ಚು ಹಳತಾಗಿಲ್ಲ.

1. ಅಂದಾಜು ಬೇಡ, ಅಂಕಿ ಹೇಳಿ. ರೋಗಿ ಸ್ವಲ್ಪ ಪರವಾಗಿಲ್ಲ ಎಂಬ ಮಾತಿನಿಂದ ವೈದ್ಯರಿಗೆ ಏನೂ ಪ್ರಯೋಜನವಿಲ್ಲ ಎಂದು ಅವರು ವಾದಿಸಿದರು. ಎಷ್ಟು ಗಂಟೆ ನಿದ್ದೆ, ಎಷ್ಟು ಊಟ, ನಾಡಿ ಹೇಗಿದೆ ಎಂದು ಖಚಿತವಾಗಿ ನೋಡಿ ಹೇಳಬೇಕು. ಇಂದು ಹೃದಯದ ಐಸಿಯುನಲ್ಲಿ ನರ್ಸ್ ಗಂಟೆಗೊಮ್ಮೆ ಚೀಲದಲ್ಲಿ ಸೇರಿದ ಮೂತ್ರ ಅಳೆದು ಬರೆಯುವುದು ಇದಕ್ಕೇ. ಹೃದಯ ಸರಿಯಾಗಿ ರಕ್ತ ತಳ್ಳದಿದ್ದರೆ ಮೂತ್ರಪಿಂಡಕ್ಕೆ ರಕ್ತ ಸಾಲದೆ ಮೂತ್ರ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಒಂದು ಕಿಲೋ ತೂಕಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್, ಅಂದರೆ 60 ಕಿಲೋ ತೂಗುವವರಿಗೆ 30 ಮಿಲಿಲೀಟರ್ ಆದರೂ ಬರಬೇಕು. ಅದು ಇಳಿಯುತ್ತಿದ್ದು, ಕೈಕಾಲು ತಣ್ಣಗಾಗಿ, ಬೆವರು ಬಂದು, ರೋಗಿ ತಬ್ಬಿಬ್ಬಾಗಿ ಮಾತಾಡುತ್ತಿದ್ದರೆ ಹೃದಯ ಸೋಲುತ್ತಿದೆ ಎಂಬ ಅನುಮಾನ ಬರಬೇಕು. ಕೆಲವರಲ್ಲಿ ಇದೆಲ್ಲ ಆದ ಮೇಲೆ ಬಿಪಿ ಬೀಳುತ್ತದೆ. ಬಿಪಿ ಬೀಳುವ ಮೊದಲೇ ಈ ಸುಳಿವು ಹಿಡಿದ ನರ್ಸ್ ವೈದ್ಯರಿಗೆ ಅಮೂಲ್ಯ ಸಮಯ ಗಳಿಸಿಕೊಡುತ್ತಾರೆ.

2. ನೀವು ಇಲ್ಲದಾಗಲೂ ಕೆಲಸ ನಡೆಯಬೇಕು. ಒಳ್ಳೆಯ ಆರೈಕೆ ಎಂದರೆ ನಾನಿರುವಾಗ ಚೆನ್ನಾಗಿ ನೋಡಿಕೊಂಡೆ ಎನ್ನುವುದಲ್ಲ, ನಾನು ಹೊರಗೆ ಹೋದಾಗಲೂ ಅದೇ ನಡೆಯುವಂತೆ ಏರ್ಪಾಡು ಮಾಡುವುದು. ಇದಕ್ಕೆ ಅವರು ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಡ್ಯೂಟಿ ಬದಲಾಗುವಾಗ ಇಬ್ಬರು ನರ್ಸ್‌ಗಳು ಬೆಡ್ ಪಕ್ಕ ನಿಂತು ಒಂದೊಂದು ಪೈಪು, ಒಂದೊಂದು ಔಷಧ ತೋರಿಸಿ ಒಪ್ಪಿಸಿಕೊಳ್ಳುವುದನ್ನು ನೀವು ನೋಡಿರಬಹುದು. ಬಿಪಿ ಹಿಡಿದಿಡುವ ನಾರ್‌ಅಡ್ರಿನಲಿನ್‌ನಂಥ ಔಷಧದ ಪರಿಣಾಮ ದೇಹದಲ್ಲಿ ನಿಲ್ಲುವುದೇ ಕೆಲವು ನಿಮಿಷ. ಪಂಪಿನ ಸಿರಿಂಜ್ ಖಾಲಿಯಾಗಿ ಹೊಸದು ಹಾಕುವುದು ತಡವಾದರೆ ಬಿಪಿ ಕುಸಿಯುತ್ತದೆ. ಅದಕ್ಕೇ ಮುಂದಿನ ಸಿರಿಂಜ್ ಮೊದಲೇ ತಯಾರಾಗಿರಬೇಕು.

3. ದಿಂಬು ಎದೆಯನ್ನು ಬಿಡಿಸಬೇಕು. ದಿಂಬುಗಳನ್ನು ರಾಶಿ ಹಾಕಿ ತಲೆ ಮುಂದಕ್ಕೆ ಬಾಗಿಸಿದರೆ ಉಸಿರಾಟಕ್ಕೆ ತೊಂದರೆ, ಬೆನ್ನಿಗೆ ಆಸರೆ ಕೊಟ್ಟು ಭುಜ ಹಿಂದಕ್ಕೆ ಸರಿಯುವಂತೆ ಇಟ್ಟರೆ ಎದೆ ಹಿಗ್ಗುತ್ತದೆ ಎಂದು ವಿವರಿಸಿದರು. ಹೃದಯ ದುರ್ಬಲವಾಗಿ ಶ್ವಾಸಕೋಶದಲ್ಲಿ ನೀರು ತುಂಬಿದವರನ್ನು ಮಟ್ಟಸವಾಗಿ ಮಲಗಿಸಿದರೆ ಉಸಿರು ಕಟ್ಟುತ್ತದೆ. ಕಾಲಿನ ಕಡೆಯಿಂದ ರಕ್ತ ಎದೆಗೆ ಹೆಚ್ಚು ಹರಿದುಬಂದು ಹೃದಯದ ಮೇಲೆ ಹೊರೆ ಬೀಳುತ್ತದೆ. ಅಂಥವರ ಹಾಸಿಗೆಯ ತಲೆಯ ಕಡೆ ಎತ್ತರಿಸಿ ಕೂರಿಸುವುದು ಇಂದಿಗೂ ಮೊದಲ ಕೆಲಸಗಳಲ್ಲಿ ಒಂದು.

4. ಬೆನ್ನಿನ ಹುಣ್ಣು ರೋಗದ ತಪ್ಪಲ್ಲ. ಮಲಗಿದಲ್ಲೇ ಆಗುವ ಹುಣ್ಣು ಬಹುಮಟ್ಟಿಗೆ ಆರೈಕೆಯ ಕೊರತೆಯಿಂದ ಬರುತ್ತದೆ ಎಂದು ಅವರು ಕಟುವಾಗಿಯೇ ಬರೆದರು. ಹೃದಯ ಸೋತವರಲ್ಲಿ ಚರ್ಮಕ್ಕೆ ರಕ್ತ ಕಡಿಮೆ, ಹುಣ್ಣು ಬೇಗ ಆಗುತ್ತದೆ. ರೋಗಿಯನ್ನು ಆಗಾಗ ಮಗ್ಗುಲು ಬದಲಿಸುವುದು ಚಿಕ್ಕ ಕೆಲಸದಂತೆ ಕಾಣುತ್ತದೆ. ಎದೆಗೆ, ಕುತ್ತಿಗೆಗೆ, ತೊಡೆಗೆ ಪೈಪುಗಳಿರುವ ರೋಗಿಯನ್ನು ಬಿಪಿ ಬೀಳದಂತೆ ತಿರುಗಿಸುವುದು ಮಾತ್ರ ಚಿಕ್ಕ ಕೆಲಸವಲ್ಲ.

5. ಗದ್ದಲವೂ ಒಂದು ಪೆಟ್ಟು. ರೋಗಿಯನ್ನು ತಟ್ಟನೆ ಎಬ್ಬಿಸುವ ಸದ್ದು, ಬಾಗಿಲ ಹೊರಗಿನ ಪಿಸುಮಾತು ಎರಡನ್ನೂ ಅವರು ಕ್ರೌರ್ಯ ಎಂದೇ ಭಾವಿಸಿದರು. ತನ್ನ ಬಗ್ಗೆಯೇ ಏನೋ ಹೇಳುತ್ತಿದ್ದಾರೆ ಎಂದು ಕಿವಿ ನಿಮಿರಿಸಿ ಮಲಗುವ ರೋಗಿಯ ಕಷ್ಟ ಅವರಿಗೆ ಗೊತ್ತಿತ್ತು. ಹೆದರಿಕೆ, ಗಾಬರಿ, ನೋವು ಇವೆಲ್ಲ ನಾಡಿಯ ವೇಗ ಹೆಚ್ಚಿಸುತ್ತವೆ. ಮೊದಲೇ ರಕ್ತ ಸಾಲದ ಹೃದಯ ಇನ್ನಷ್ಟು ದುಡಿಯಬೇಕಾಗುತ್ತದೆ. ಐಸಿಯುನಲ್ಲಿ ಭೇಟಿಯ ಹೊತ್ತು ಮಿತಿಯಾಗಿರಲು ಸೋಂಕಿನ ಭಯದ ಜೊತೆಗೆ ಇದೂ ಒಂದು ಕಾರಣ.

6. ಸುಳ್ಳು ಭರವಸೆ, ಪುಕ್ಕಟೆ ಸಲಹೆ. ನೋಡಲು ಬಂದವರು ಏನೂ ಆಗಿಲ್ಲ ಬಿಡಿ ಎನ್ನುವುದು, ಒಬ್ಬೊಬ್ಬರು ಒಂದೊಂದು ಔಷಧ, ಒಂದೊಂದು ಊರು, ಒಬ್ಬೊಬ್ಬ ವೈದ್ಯರ ಹೆಸರು ಹೇಳಿ ಹೋಗುವುದು. ಇದರಿಂದ ರೋಗಿಗೆ ಸಮಾಧಾನ ಸಿಗುವುದಿಲ್ಲ, ದಣಿವಾಗುತ್ತದೆ ಎಂದು ಅವರು ಒಂದಿಡೀ ಅಧ್ಯಾಯ ಬರೆದರು. ಆಗ ಮೊಬೈಲ್ ಇರಲಿಲ್ಲ, ಸಲಹೆ ಕೊಡಲು ಮನೆಗೇ ಬರಬೇಕಿತ್ತು. ಈಗ ಅದೇ ಸಲಹೆ ಫಾರ್ವರ್ಡ್ ಆಗಿ ಐಸಿಯು ಬಾಗಿಲವರೆಗೂ ಬರುತ್ತದೆ.

ಹಾಸಿಗೆಯಿಂದಲೇ ಶಾಲೆ, ಹಾಸಿಗೆಯಿಂದಲೇ ಭಾರತ

ಯುದ್ಧಕಾಲದಲ್ಲಿ ಜನ ಅವರ ಹೆಸರಿನಲ್ಲಿ ಸಂಗ್ರಹಿಸಿದ್ದ ಹಣದಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ನರ್ಸ್ ಕೆಲಸಕ್ಕೆ ಓದು, ತರಬೇತಿ, ಪರೀಕ್ಷೆ ಬೇಕು ಎಂಬ ಮಾತು ಅಲ್ಲಿಂದ ದೇಶ ದೇಶಕ್ಕೆ ಹೋಯಿತು. ಅದೇ ಕಾಲದಲ್ಲಿ ಅವರು ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ಆರೋಗ್ಯದ ತನಿಖೆಗೆ ಕೈ ಹಾಕಿದರು. ಇಲ್ಲಿನ ದಂಡು ಪ್ರದೇಶಗಳಿಗೆ ಪ್ರಶ್ನಾವಳಿ ಕಳಿಸಿ ವರದಿ ತರಿಸಿಕೊಂಡರು. ಬೆಂಗಳೂರು ದಂಡಿನ ವರದಿಯೂ ಅದರಲ್ಲಿ ಇತ್ತು. ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ಕುಡಿಯುವ ನೀರು, ಚರಂಡಿ, ಕ್ಷಾಮದ ಬಗ್ಗೆ ದಶಕಗಳ ಕಾಲ ಬರೆಯುತ್ತಲೇ ಇದ್ದರು. ಇಲ್ಲಿನ ಸೈನಿಕರ ಸಾವು ಸಾವಿರಕ್ಕೆ 69ರಿಂದ 18ಕ್ಕೆ ಇಳಿದಿದೆ ಎಂದು 1873ರಲ್ಲಿ ವರದಿ ಮಾಡಿದರು.

1890ರಲ್ಲಿ ಅವರ ದನಿಯನ್ನು ಎಡಿಸನ್ ಕಂಪನಿಯ ಮೇಣದ ಉರುಳೆಯ ಮೇಲೆ ಮುದ್ರಿಸಿಕೊಂಡರು. ಅದು ಇಂದಿಗೂ ಕೇಳಲು ಸಿಗುತ್ತದೆ. ಮುಂದೆ ಕಣ್ಣು ಮಂಜಾಯಿತು, ನೆನಪು ಮಾಸಿತು. 1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. 1910ರ ಆಗಸ್ಟ್ 13ರಂದು, 90ನೇ ವಯಸ್ಸಿನಲ್ಲಿ, ಲಂಡನ್ನಿನ ಮನೆಯಲ್ಲಿ ತೀರಿಕೊಂಡರು. ಹಿಂದೆ ರಾಜರನ್ನು ಹೂಳುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಜಾಗ ಕೊಡುತ್ತೇವೆಂದು ಸರಕಾರ ಹೇಳಿದರೂ ಮನೆಯವರು ಬೇಡವೆಂದರು. ಹಳ್ಳಿಯ ಚರ್ಚಿನ ಅಂಗಳದ ಸಮಾಧಿಯ ಮೇಲೆ ಅವರಿಗೆಂದು ಕೆತ್ತಿದ್ದು ಹೆಸರಿನ ಎರಡು ಮೊದಲಕ್ಷರ, ಹುಟ್ಟಿದ ಮತ್ತು ಸತ್ತ ವರ್ಷ ಮಾತ್ರ.

ಹಾಗಾದರೆ ಮೊದಲ ಐಸಿಯು ಅವರದ್ದೇ?

ಅಲ್ಲ. ಸಣ್ಣ ಊರುಗಳ ಕೆಲವು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹೊಂದಿಕೊಂಡಂತೆ ಸಣ್ಣ ಕೋಣೆ ಇರುವುದನ್ನೂ, ರೋಗಿ ಚೇತರಿಸಿಕೊಳ್ಳುವವರೆಗೆ ಅಲ್ಲೇ ಇಟ್ಟುಕೊಳ್ಳುವುದನ್ನೂ ಅವರು ಆಸ್ಪತ್ರೆಗಳ ಕುರಿತ ಪುಸ್ತಕದಲ್ಲಿ ದಾಖಲಿಸಿದರು. ತೀರಾ ಕಷ್ಟದಲ್ಲಿರುವವರನ್ನು ಒಂದೆಡೆ ಇಟ್ಟು ಹೆಚ್ಚು ಗಮನ ಕೊಡಬೇಕೆಂಬ ಯೋಚನೆಯ ಬೀಜ ಅದರಲ್ಲಿತ್ತು. ಆದರೆ ಇಂದಿನ ಅರ್ಥದ ಐಸಿಯು ಹುಟ್ಟಿದ್ದು 1950ರ ದಶಕದಲ್ಲಿ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹರಡಿ ಉಸಿರಾಟ ನಿಂತವರನ್ನು ಉಳಿಸಬೇಕಾದಾಗ ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯರು ಅದಕ್ಕೆ ದಾರಿ ಮಾಡಿದರು.

ಹೃದಯಕ್ಕೇ ಮೀಸಲಾದ ಘಟಕ, ಅಂದರೆ ಸಿಸಿಯು, ಬಂದದ್ದು 1960ರ ದಶಕದ ಆರಂಭದಲ್ಲಿ. ಅಲ್ಲಿಯವರೆಗೆ ಹೃದಯಾಘಾತವಾದವರನ್ನು ಸಾಮಾನ್ಯ ವಾರ್ಡಿನಲ್ಲಿ ಎಲ್ಲೋ ಒಂದು ಮೂಲೆಯಲ್ಲಿ, ಗಲಾಟೆ ಇಲ್ಲದ ಕಡೆ ಮಲಗಿಸುತ್ತಿದ್ದರು. ಆಸ್ಪತ್ರೆ ಸೇರಿದ ಅಂಥ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಅನೇಕರ ಸಾವಿಗೆ ಕಾರಣ ಹೃದಯದ ಲಯ ತಟ್ಟನೆ ಕೆಡುವುದು. ಹೃದಯ ಬಡಿಯುವ ಬದಲು ಗಡಗಡ ನಡುಗುತ್ತದೆ, ರಕ್ತ ಹರಿಯುವುದಿಲ್ಲ. ವಿದ್ಯುತ್ ಶಾಕ್ ಕೊಟ್ಟರೆ ಲಯ ಮರಳಬಹುದು. ಆದರೆ ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಅವಕಾಶ ಶೇ. 7ರಿಂದ 10ರಷ್ಟು ಇಳಿಯುತ್ತದೆ.

ಅಂದರೆ ವೈದ್ಯರನ್ನು ಕರೆದು ಅವರು ಬರುವವರೆಗೆ ಕಾಯುವಂತಿಲ್ಲ. ಬ್ರಿಟನ್ನಿನಲ್ಲಿ ಡೆಸ್ಮಂಡ್ ಜೂಲಿಯನ್, ಅಮೆರಿಕದಲ್ಲಿ ಹ್ಯೂಸ್ ಡೇ ಮತ್ತು ಲಾರೆನ್ಸ್ ಮೆಲ್ಟ್‌ಜರ್ ಮುಂತಾದ ವೈದ್ಯರು ಇಂಥ ರೋಗಿಗಳನ್ನು ಒಂದೇ ಕಡೆ ಇಟ್ಟು ಮಾನಿಟರ್ ಜೋಡಿಸುವ ದಾರಿ ಹಿಡಿದರು. ಮೆಲ್ಟ್‌ಜರ್ ಜೊತೆ ದುಡಿದ ರೋಸ್ ಪಿನಿಯೋ ಎಂಬ ನರ್ಸ್, ಇತರ ನರ್ಸ್‌ಗಳಿಗೆ ಇಸಿಜಿ ಓದುವುದನ್ನು ಕಲಿಸುವ ಕೆಲಸದಲ್ಲಿ ಮುಂದಿದ್ದರು. ಅಪಾಯದ ಲಯ ಕಂಡರೆ ವೈದ್ಯರಿಗಾಗಿ ಕಾಯದೆ ಶಾಕ್ ಕೊಡುವ ಅಧಿಕಾರ ತರಬೇತಾದ ನರ್ಸ್‌ಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ಹೃದಯಾಘಾತದ ಸಾವು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಯಂತ್ರ ಬಂದದ್ದಕ್ಕಿಂತ, ಯಂತ್ರದ ಮುಂದೆ ಕಲಿತ ಕಣ್ಣೊಂದು ಇಡೀ ದಿನ ಇದ್ದದ್ದು ದೊಡ್ಡ ಬದಲಾವಣೆ.

ಯಂತ್ರವೂ ಮೋಸ ಮಾಡುತ್ತದೆ. ರೋಗಿ ಹಲ್ಲುಜ್ಜಿದರೂ ಪರದೆಯ ಮೇಲೆ ಅಪಾಯದ ಅಲೆಗಳಂಥ ಗೆರೆ ಬರಬಹುದು. ಎದೆಗೆ ಅಂಟಿಸಿದ ಬಿಲ್ಲೆ ಬಿಚ್ಚಿಕೊಂಡರೆ ಗೆರೆ ನೇರವಾಗಬಹುದು. ಆದ್ದರಿಂದ ಅಲಾರಂ ಹೊಡೆದಾಗ ನರ್ಸ್ ಮೊದಲು ನೋಡುವುದು ರೋಗಿಯ ಮುಖವನ್ನು, ನಾಡಿಯನ್ನು, ಆಮೇಲೆ ಪರದೆಯನ್ನು. ನೈಟಿಂಗೇಲ್ ಅವರ ಲಾಟೀನು ಇದ್ದದ್ದೂ ರೋಗಿಯ ಮುಖ ಕಾಣಲೆಂದೇ.

ನಿಮ್ಮವರು ಹೃದಯದ ಐಸಿಯುನಲ್ಲಿದ್ದರೆ

- ಅವರು ತೆಗೆದುಕೊಳ್ಳುತ್ತಿದ್ದ ಎಲ್ಲ ಔಷಧಗಳನ್ನೂ ನರ್ಸ್‌ಗೆ ಹೇಳಿ. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಕಷಾಯ, ಪುಡಿ ಏನೂ ಬಿಡಬೇಡಿ. ಕೊನೆಯ ಸಲ ಯಾವಾಗ ತೆಗೆದುಕೊಂಡರು ಎಂಬುದೂ ಬೇಕು.
- ಕೇಳದೆ ಏನನ್ನೂ ತಿನ್ನಿಸಬೇಡಿ, ಕುಡಿಸಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡ ಸೊರಗಿದವರಿಗೆ, ಕೆಲವು ಹೃದಯದ ಔಷಧ ಪಡೆಯುತ್ತಿರುವವರಿಗೆ ಅದೇ ಹೃದಯದ ಲಯ ಕೆಡಿಸಬಹುದು. ಉಪ್ಪಿನಕಾಯಿಯ ಉಪ್ಪು ದೇಹದಲ್ಲಿ ನೀರು ನಿಲ್ಲಿಸುತ್ತದೆ. ಒಂದು ಲೋಟ ನೀರು ಕೊಟ್ಟರೂ ನರ್ಸ್‌ಗೆ ಹೇಳಿ, ಅದು ಅವರ ಲೆಕ್ಕಕ್ಕೆ ಸೇರಬೇಕು.
- ಪಂಪು, ಮಾನಿಟರ್, ಆಕ್ಸಿಜನ್ ಮುಟ್ಟಬೇಡಿ. ಅಲಾರಂ ಆರಿಸಬೇಡಿ.
- ಕನ್ನಡಕ, ಕಿವಿಯ ಯಂತ್ರ ತಂದುಕೊಡಿ. ಒಳಗೆ ಹೋದಾಗ ಇವತ್ತು ಯಾವ ವಾರ, ಈಗ ಎಷ್ಟು ಹೊತ್ತು ಎಂದು ಮೆಲ್ಲಗೆ ಹೇಳಿ. ಐಸಿಯುನಲ್ಲಿ ಹಿರಿಯರಿಗೆ ದಿನ ರಾತ್ರಿಯ ಗೊಂದಲವಾಗಿ ಭ್ರಮೆ ಬರುವುದುಂಟು, ಪರಿಚಿತ ದನಿ ಅದಕ್ಕೆ ಆಸರೆ.
- ಮನೆಯಿಂದ ಒಬ್ಬರೇ ಮಾತಾಡಿ, ಉಳಿದವರಿಗೆ ಅವರೇ ತಿಳಿಸಲಿ. ನಿಮ್ಮಲ್ಲಿ ಹತ್ತು ಜನ ಬಂದು ಕೇಳಿದರೆ, ಅಷ್ಟು ಹೊತ್ತು ಯಾರೋ ಒಬ್ಬ ರೋಗಿಯ ಮೇಲಿನ ಕಣ್ಣು ತಪ್ಪುತ್ತದೆ.
- ಒಳಗೆ ಹೋಗುವಾಗ, ಹೊರಗೆ ಬರುವಾಗ ಕೈ ತೊಳೆಯಿರಿ.
- ಹೃದಯ ದುರ್ಬಲವಾಗಿದೆ ಎಂದು ಹೇಳಿ ಮನೆಗೆ ಕಳಿಸಿದ್ದರೆ ದಿನವೂ ಬೆಳಗ್ಗೆ ತೂಕ ನೋಡಿ ಬರೆದಿಡಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ, ಕಾಲು ಊದಿದರೆ, ಮಲಗಿದರೆ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಿಗೆ ತಿಳಿಸಿ. ಎದೆ ನೋವು, ಬೆವರು, ಉಸಿರುಕಟ್ಟು ಒಟ್ಟಿಗೆ ಬಂದರೆ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

ಫ್ಲಾರೆನ್ಸ್ ನೈಟಿಂಗೇಲ್ ಸ್ಕುಟಾರಿಯ ಸಾವನ್ನು ಒಬ್ಬರೇ ಇಳಿಸಲಿಲ್ಲ, ಅಲ್ಲಿ ಚರಂಡಿ, ನೀರು, ಗಾಳಿ ಸರಿಯಾದದ್ದು ಮುಖ್ಯ ಕಾರಣ. ಅವರು ಮೊದಲ ಐಸಿಯು ಕಟ್ಟಲಿಲ್ಲ. ಅವರು ಮಾಡಿದ್ದು, ಸತ್ತವರ ಲೆಕ್ಕ ಹಾಕಿ ಯಾಕೆ ಸತ್ತರು ಎಂದು ಕೇಳಿದ್ದು, ಆರೈಕೆ ಎಂದರೆ ಕಲಿತು ಮಾಡಬೇಕಾದ ಕೆಲಸ ಎಂದು ತೋರಿಸಿದ್ದು. ಈ ರಾತ್ರಿಯೂ ಹೃದಯದ ಐಸಿಯುನಲ್ಲಿ ಒಬ್ಬ ನರ್ಸ್ ಮೂತ್ರ ಅಳೆದು, ನಾಡಿ ಮುಟ್ಟಿ, ಚಾರ್ಟಿನಲ್ಲಿ ಒಂದು ಅಂಕಿ ಬರೆಯುತ್ತಿರುತ್ತಾರೆ. ಹಿಂದಿನ ಗಂಟೆಯ ಅಂಕಿಗಿಂತ ಅದು ಕಡಿಮೆಯಿದ್ದರೆ ವೈದ್ಯರಿಗೆ ಫೋನ್ ಹೋಗುತ್ತದೆ.